ಒಂದೇ ಹಡಗು, ಎರಡು ತೀರ್ಮಾನ



ನಿರಾಶ್ರಿತರ ಬಗ್ಗೆ ಸರಕಾರವೊಂದು ಕೈಗೊಳ್ಳುವ ತೀರ್ಮಾನವು ಮನುಷ್ಯರ ಬದುಕನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು? ಇದಕ್ಕೆ ಒಂದು ಉದಾಹರಣೆಯನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

2001ರ ಆಗಸ್ಟ್ 26ರಂದು ಇಂಡೋನೇಷ್ಯಾ ಮತ್ತು ಆಸ್ಟ್ರೇಲಿಯಾದ ಕ್ರಿಸ್ಮಸ್ ದ್ವೀಪದ ನಡುವಿನ ಕಡಲಿನಲ್ಲಿ ಒಂದು ಮರದ ದೋಣಿ ಮುಳುಗುವ ಸ್ಥಿತಿಯಲ್ಲಿತ್ತು. ಅದರಲ್ಲಿದ್ದವರಲ್ಲಿ ಹೆಚ್ಚಿನವರು ತಾಲಿಬಾನ್ ಆಡಳಿತಕ್ಕೆ ಹೆದರಿ ಊರು ಬಿಟ್ಟ ಅಫಘಾನಿಸ್ತಾನದ ಹಜಾರಾ ಜನ. ನಾರ್ವೆಯ ಸರಕು ಹಡಗು 'ಟಾಂಪಾ' ಅವರ ನೆರವಿಗೆ ಧಾವಿಸಿತು. ಕ್ಯಾಪ್ಟನ್ ಆರ್ನೆ ರಿನ್ನನ್ ಮತ್ತು ಅವರ 27 ಮಂದಿ ಸಿಬ್ಬಂದಿ 433 ನಿರಾಶ್ರಿತರ ಪ್ರಾಣ ಉಳಿಸಿದರು.

ಆದರೆ ಅವರನ್ನು ಇಳಿಸುವುದೆಲ್ಲಿ? ಜಾನ್ ಹೊವಾರ್ಡ್ ನೇತೃತ್ವದ ಆಸ್ಟ್ರೇಲಿಯಾ ಸರಕಾರ ತನ್ನ ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಕಾಯಿಲೆಯವರು, ಮಕ್ಕಳು, ಗರ್ಭಿಣಿಯರು ಬಿಸಿಲಲ್ಲಿ ತೆರೆದ ಅಟ್ಟದ ಮೇಲೆಯೇ ಉಳಿದರು. ಆಗಸ್ಟ್ 29ರಂದು ಹಡಗು ದ್ವೀಪದ ಬಳಿಗೆ ಬಂದಾಗ ಎದುರಾದದ್ದು ಶಸ್ತ್ರಸಜ್ಜಿತ ಕಮಾಂಡೋಗಳು.

ಕೊನೆಗೆ ಸೆಪ್ಟೆಂಬರ್ 1ರಂದು ದಾರಿಯೊಂದು ಘೋಷಣೆಯಾಯಿತು. ಹೆಲೆನ್ ಕ್ಲಾರ್ಕ್ ಅವರ ನ್ಯೂಜಿಲೆಂಡ್ ಸರಕಾರ ಒಂದು ಪಾಲನ್ನು ಸ್ವೀಕರಿಸಿತು. 131 ಮಂದಿ ಅಲ್ಲಿಗೆ ಹೋದರು. ಉಳಿದವರನ್ನು ಸುಮಾರು 21 ಚದರ ಕಿಲೋಮೀಟರ್ ವಿಸ್ತೀರ್ಣದ ನೌರು ದ್ವೀಪದ ಶಿಬಿರಕ್ಕೆ ಒಯ್ಯಲಾಯಿತು. ಅವರಲ್ಲಿ ಹಲವರು ವರ್ಷಗಟ್ಟಲೆ ಅಲ್ಲಿ ಕಾದರು.

ಗಮನಿಸಿ: ಅದೇ ದೋಣಿ, ಅದೇ ಭಯ, ಅದೇ ಹಡಗು. ಬೇರೆಯಾದದ್ದು ತೀರ್ಮಾನ ಮಾತ್ರ. ನ್ಯೂಜಿಲೆಂಡಿಗೆ ಹೋದವರಲ್ಲಿ ಏಳು ವರ್ಷದ ಅಬ್ಬಾಸ್ ನಜಾರಿ ಎಂಬ ಬಾಲಕನಿದ್ದ. ಅವನು ಅಲ್ಲಿಯ ಶಾಲೆಯಲ್ಲಿ ಕಲಿತು, ಮುಂದೆ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಿಂದ ಅಮೆರಿಕದಲ್ಲಿ ಓದಿದ. 2021ರಲ್ಲಿ ತನ್ನ ಬದುಕಿನ ಕಥೆಯನ್ನು ಪುಸ್ತಕವಾಗಿ ಬರೆದ. ಶಿಬಿರದಲ್ಲಿ ದಿನ ಎಣಿಸಿದ ಮಕ್ಕಳಲ್ಲಿ ಇಂಥ ಪ್ರತಿಭೆ ಇರಲಿಲ್ಲ ಎಂದು ಯಾರು ಹೇಳಬಲ್ಲರು?

ಇನ್ನೊಂದು ಮಾತು. ಬಾಗಿಲು ಮುಚ್ಚಿದ ಸರಕಾರ ಅದೇ ನವೆಂಬರಿನ ಚುನಾವಣೆಯಲ್ಲಿ ಗೆದ್ದಿತು. ಕ್ಯಾಪ್ಟನ್ ರಿನ್ನನ್, ಸಿಬ್ಬಂದಿ ಹಾಗೂ ಹಡಗಿನ ಮಾಲೀಕರಿಗೆ 2002ರಲ್ಲಿ ವಿಶ್ವಸಂಸ್ಥೆಯ ನಾನ್ಸೆನ್ ನಿರಾಶ್ರಿತರ ಪ್ರಶಸ್ತಿ ದೊರೆಯಿತು. ಜನಪ್ರಿಯವಾದದ್ದೆಲ್ಲವೂ ನ್ಯಾಯವಾಗಿರಬೇಕಿಲ್ಲ ಎಂಬುದನ್ನು ಇದು ತಿಳಿಸುತ್ತದೆ.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ಅಧಿಕಾರಿಗಳಾಗುತ್ತೀರಿ, ವಕೀಲರಾಗುತ್ತೀರಿ, ಎಲ್ಲರೂ ಮತದಾರರಾಗುತ್ತೀರಿ. ನಿಮ್ಮ ಮುಂದೆ ಬರುವ ಕಡತದಲ್ಲಿ 433 ಎಂಬ ಸಂಖ್ಯೆಯಷ್ಟೇ ಇರಬಹುದು. ಅದರೊಳಗೆ ಶಾಲೆಗೆ ಹೋಗಲು ಕಾಯುತ್ತಿರುವ ಒಂದು ಮಗುವೂ ಇದೆ ಎಂಬುದನ್ನು ಮರೆಯದೆ ಸಹಿ ಹಾಕಿ.