ಹಳೆಯ ಸಾಂಸಾರಿಕ ಚಿತ್ರಗಳು: ಬೀಗವೂ ಬೇಡ, ಕತ್ತರಿಯೂ ಬೇಡ

(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ಶರಣ ಕುಟುಂಬಗಳ ಮಾಸಿಕ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ವಿಷಯ ಸಿನಿಮಾ. ಅನುಭಾವ ಗೋಷ್ಠಿಯಲ್ಲಿ ಸಿನಿಮಾ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಮಕ್ಕಳು ಗಂಡು ಹೇಗಿರಬೇಕು, ಹೆಣ್ಣು ಹೇಗಿರಬೇಕು ಎಂಬುದನ್ನು ಪ್ರವಚನಕ್ಕಿಂತ ಹೆಚ್ಚಾಗಿ ಪರದೆಯಿಂದ ಕಲಿಯುತ್ತಾರೆ. ಹೀಗಾಗಿ ಇದು ನಮ್ಮ ವಿಷಯವೇ ಹೌದು.

ಬೇಸಿಗೆ ರಜೆಯ ಮಕ್ಕಳ ಶಿಬಿರದಲ್ಲಿ ಸಂಜೆ ಹೊತ್ತು ಹಳೆಯ ಕನ್ನಡ ಚಿತ್ರ ತೋರಿಸೋಣ ಎಂಬ ಸಲಹೆ ಬಂತು. ಪಟ್ಟಿಯ ಮೊದಲ ಹೆಸರು ‘ಸಂಪತ್ತಿಗೆ ಸವಾಲ್’. ನಮ್ಮಲ್ಲಿ ಹೆಚ್ಚಿನವರು ನೌಕರಿಗಾಗಿ ಘಟ್ಟ ಇಳಿದು ಬಂದ ಬಾಗಲಕೋಟೆ, ವಿಜಯಪುರ, ಧಾರವಾಡ ಕಡೆಯವರು. ಆ ಹೆಸರು ಕೇಳಿದರೆ ಸಾಕು, ಊರ ಜಾತ್ರೆ, ಕಂಪನಿ ನಾಟಕ ಎಲ್ಲವೂ ಕಣ್ಣಮುಂದೆ ಬರುತ್ತವೆ. ಆದರೆ ಬೆಳ್ತಂಗಡಿಯಿಂದ ಬರುವ ತಾಯಿಯೊಬ್ಬರು ಕೇಳಿದರು: “ಹೆಣ್ಣಿನ ಸೊಕ್ಕು ಮುರಿಯೋದನ್ನ ನೋಡಿ ನನ್ನ ಹತ್ತು ವರ್ಷದ ಮಗ ಚಪ್ಪಾಳೆ ಹೊಡೆದರೆ, ಪಕ್ಕದಲ್ಲಿ ಕೂತ ನಾನೇನು ಮಾಡಲಿ?” ಅದಕ್ಕೆ ಹಿರಿಯರೊಬ್ಬರು, “ಹಂಗಾದ್ರ ಹಳೇ ಸಿನಿಮಾ ಎಲ್ಲಾ ಸುಟ್ಟ ಹಾಕೂಣೇನವಾ?” ಎಂದರು. ಇಬ್ಬರೂ ತಳ್ಳಿಹಾಕುವ ಮಾತು ಆಡಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

‘ಸಂಪತ್ತಿಗೆ ಸವಾಲ್’ ತೆರೆಗೆ ಬಂದದ್ದು 1974ರಲ್ಲಿ. ಪಿ.ಬಿ. ಧುತ್ತರಗಿಯವರ ಜನಪ್ರಿಯ ನಾಟಕವೇ ಅದರ ಮೂಲ. ನಿರ್ದೇಶನ ಎ.ವಿ. ಶೇಷಗಿರಿ ರಾವ್, ಸಂಗೀತ ಜಿ.ಕೆ. ವೆಂಕಟೇಶ್, ಮುಖ್ಯ ಪಾತ್ರಗಳಲ್ಲಿ ರಾಜಕುಮಾರ್ ಮತ್ತು ಮಂಜುಳಾ. ಎಮ್ಮೆಯ ಮೇಲೆ ಕೂತು ಹಾಡುವ ಹಾಡನ್ನು ರಾಜಕುಮಾರ್ ಅವರೇ ಹಾಡಿದರು. ಗಾಯಕರಾಗಿ ಅವರು ಮನೆಮಾತಾದದ್ದು ಅಲ್ಲಿಂದ. ಹೆಸರೇ ಹೇಳುವಂತೆ ಇದು ಹಣದ ಸೊಕ್ಕಿಗೆ ಹಾಕಿದ ಸವಾಲು. ದುಡಿದು ಉಣ್ಣುವವನು ಸಾಹುಕಾರನ ಮುಂದೆ ತಲೆ ತಗ್ಗಿಸಬೇಕಿಲ್ಲ ಎಂಬುದು ಕಾಯಕವನ್ನು ನಂಬಿದ ನಮಗೆ ಹಿತವಾದ ಮಾತೇ.

ಆದರೆ ಆ ಸೊಕ್ಕನ್ನು ಕಥೆ ಹೊರಿಸಿದ್ದು ಯಾರ ಹೆಗಲಿಗೆ? ಶ್ರೀಮಂತರ ಮನೆಯ ಮಗಳ ಹೆಗಲಿಗೆ. ಸಂಪತ್ತು ಮಣಿಯಬೇಕಾದ ಕಡೆ ಹೆಣ್ಣು ಮಣಿಯುತ್ತಾಳೆ. ಹಣಕ್ಕೆ ಎಸೆದ ಸವಾಲು ನೋಡನೋಡುತ್ತಲೇ ಹೆಣ್ಣಿಗೆ ಎಸೆದ ಸವಾಲಾಗುತ್ತದೆ. ನ್ಯಾಯದ ಮಾತು, ಅನ್ಯಾಯದ ಮಾತು ಒಂದೇ ರೀಲಿನಲ್ಲಿ ಸುತ್ತಿಕೊಂಡಿವೆ. ಕತ್ತರಿ ಹಾಕಿ ಬೇರ್ಪಡಿಸಲು ಹೋದರೆ ಎರಡೂ ಉಳಿಯುವುದಿಲ್ಲ.

ಇದು ಒಂದು ಚಿತ್ರದ ಮಾತಲ್ಲ. 1976ರ ‘ಬಹದ್ದೂರ್ ಗಂಡು’, 1989ರ ‘ನಂಜುಂಡಿ ಕಲ್ಯಾಣ’ ಎರಡರಲ್ಲೂ ಷೇಕ್ಸ್‌ಪಿಯರನ ಗಂಡುಬೀರಿ ಹೆಣ್ಣನ್ನು ಪಳಗಿಸುವ ನಾಟಕದ ಎಳೆಯಿದೆ. ಸಕುಟುಂಬ ಸಪರಿವಾರ ನೋಡಿ ಎಂದು ಪೋಸ್ಟರ್ ಹಚ್ಚಿದ ಚಿತ್ರಗಳಲ್ಲೇ ಹೆಂಡತಿಗೆ ಹೊಡೆದ ಏಟು ನಗುವಿನ ವಸ್ತು. ಕಪ್ಪು ಮೈಬಣ್ಣ, ತೊದಲು ಮಾತು, ಮನೆಯಾಳಿನ ಜಾತಿ ತಮಾಷೆಯ ವಸ್ತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ ಕಾಯ್ದೆ ಬಂದದ್ದು 2005ರಲ್ಲಿ. ಅಂದು ಥಿಯೇಟರಿನಲ್ಲಿ ಶಿಳ್ಳೆ ಗಿಟ್ಟಿಸಿದ ಏಟು ಇಂದು ದೂರು ಕೊಡಬಹುದಾದ ಹಿಂಸೆ.

ಈ ಚಿತ್ರಗಳಿಗೆ ಸರ್ಕಾರದ ನಿಷೇಧವೇನೂ ಇಲ್ಲ. ಆದರೆ ಹಳೆಯ ಚಿತ್ರವೊಂದು ಮತ್ತೆ ಜನರ ಕೈಸೇರಬೇಕಾದರೆ ಯಾರಾದರೂ ಹಣ ಹಾಕಿ ಅದರ ನೆಗೆಟಿವ್ ಶುಚಿ ಮಾಡಿಸಿ ಡಿಜಿಟಲ್‌ಗೆ ಇಳಿಸಬೇಕು. ಯಾರಾದರೂ ಪರದೆ ಕಟ್ಟಬೇಕು. ಯಾವುದನ್ನು, ಹೇಗೆ, ಯಾರಿಗೆ ಎಂಬ ಪ್ರಶ್ನೆ ಆಗ ಏಳುತ್ತದೆ.

ಇಲ್ಲಿ ಒಂದು ಭೇದ ಮಾಡಿಕೊಳ್ಳಬೇಕು. ಕ್ರೌರ್ಯವನ್ನು ಕ್ರೌರ್ಯವೆಂದೇ ತೋರಿಸುವ ಚಿತ್ರ ಒಂದು. ಕ್ರೌರ್ಯವನ್ನು ಮನರಂಜನೆಯಾಗಿ ಬಡಿಸುವ ಚಿತ್ರ ಇನ್ನೊಂದು. ಶಿವರಾಮ ಕಾರಂತರ ಕಾದಂಬರಿ ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ ಮಾಡಿದ ‘ಚೋಮನ ದುಡಿ’ಯನ್ನು ತೆಗೆದುಕೊಳ್ಳಿ. ಅದು ಇದೇ ಕರಾವಳಿಯ ಕಥೆ. ಒಂದು ತುಂಡು ನೆಲ ಉಳಬೇಕೆಂಬ ದಲಿತ ಜೀತದಾಳಿನ ಆಸೆ ಜಾತಿಯ ಕಾರಣಕ್ಕೆ ನೆಲಕಚ್ಚುತ್ತದೆ. ಅಲ್ಲಿನ ಜಾತಿನಿಂದೆಯ ಮಾತು ತೆಗೆದರೆ ಚೋಮನ ನೋವಿನ ಸಾಕ್ಷಿಯೇ ಅಳಿಸಿಹೋಗುತ್ತದೆ. 1970ರ ‘ಸಂಸ್ಕಾರ’ ಚಿತ್ರಕ್ಕೆ ಮದ್ರಾಸಿನ ಸೆನ್ಸಾರ್ ಮೊದಲು ಅನುಮತಿ ನಿರಾಕರಿಸಿತ್ತು. ನಂತರ ಬಿಡುಗಡೆಯಾಗಿ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಪಡೆಯಿತು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಬಾಲವಿಧವೆಯೊಬ್ಬಳನ್ನು ಬದುಕಿರುವಾಗಲೇ ಸತ್ತವಳೆಂದು ಹೊರಗೆ ಹಾಕುವ ಕಥೆ. ಅದನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಇಂಥವು ಮತ್ತೆ ಬರಬೇಕು ಎನ್ನಲು ಹೆಚ್ಚು ಯೋಚಿಸಬೇಕಿಲ್ಲ.

ಕಷ್ಟವಿರುವುದು ಎರಡನೆಯ ಬಗೆಯದರಲ್ಲಿ. ಅಮೆರಿಕದವರು ಇದೇ ಕಷ್ಟಕ್ಕೆ ಎರಡು ದಾರಿ ಹಿಡಿದರು. ಡಿಸ್ನಿ ಕಂಪನಿ 1946ರಲ್ಲಿ ‘ಸಾಂಗ್ ಆಫ್ ದಿ ಸೌತ್’ ಎಂಬ ಮನೆಮಂದಿಯ ಚಿತ್ರ ಮಾಡಿತು. ತೋಟದ ಕರಿಯ ಆಳುಗಳು ಸುಖವಾಗಿ, ಕೃತಜ್ಞರಾಗಿ ಇದ್ದಂತೆ ಅದರಲ್ಲಿ ತೋರಿಸಲಾಗಿದೆ. 1986ರ ನಂತರ ಅದು ಅಲ್ಲಿನ ಥಿಯೇಟರುಗಳಿಗೆ ಬರಲಿಲ್ಲ. ಎಚ್ಚರಿಕೆಯ ಮಾತು ಸೇರಿಸಿದರೂ ಇಂದಿಗೆ ಸಲ್ಲದು ಎಂದು 2020ರಲ್ಲಿ ಕಂಪನಿಯ ಮುಖ್ಯಸ್ಥರು ಹೇಳಿದರು. ಅದೇ ವರ್ಷ ಇನ್ನೊಂದು ಕಂಪನಿ ‘ಗಾನ್ ವಿತ್ ದಿ ವಿಂಡ್’ ಚಿತ್ರವನ್ನು ತನ್ನ ವಾಹಿನಿಯಿಂದ ತೆಗೆದು, ಕೆಲವೇ ದಿನಗಳಲ್ಲಿ ಮರಳಿ ಹಾಕಿತು. ಚಿತ್ರಕ್ಕೆ ಕತ್ತರಿ ಹಾಕಲಿಲ್ಲ. ಅದು ಗುಲಾಮಗಿರಿಯನ್ನು ಹೇಗೆ ಮರೆಮಾಚುತ್ತದೆ ಎಂಬುದನ್ನು ಜಾಕ್ವೆಲಿನ್ ಸ್ಟುವರ್ಟ್ ಎಂಬ ಕರಿಯ ವಿದ್ವಾಂಸೆ ವಿವರಿಸುವ ಮುನ್ನುಡಿಯನ್ನು ಸೇರಿಸಿದರು.

ಮೊದಲ ದಾರಿಯಲ್ಲಿ ಆದ ನಷ್ಟವನ್ನೂ ನೋಡಿ. ಬೀಗ ಬಿದ್ದ ಆ ಚಿತ್ರದ ನಾಯಕ ನಟ ಜೇಮ್ಸ್ ಬ್ಯಾಸ್ಕೆಟ್. ವರ್ಣಭೇದದ ಕಾರಣ ಅಟ್ಲಾಂಟಾದಲ್ಲಿ ನಡೆದ ತನ್ನದೇ ಚಿತ್ರದ ಮೊದಲ ಪ್ರದರ್ಶನಕ್ಕೆ ಆತ ಹೋಗಲಾಗಲಿಲ್ಲ. 1948ರಲ್ಲಿ ಆತನಿಗೆ ಗೌರವ ಆಸ್ಕರ್ ಬಂತು. ಚಿತ್ರವನ್ನು ಬಚ್ಚಿಟ್ಟಾಗ ಕಂಪನಿಯ ತಪ್ಪಿನ ಜೊತೆಗೆ ಆ ಕರಿಯ ನಟನ ಪ್ರತಿಭೆಯೂ ಕತ್ತಲೆಗೆ ಸೇರಿತು. ನಾವು ‘ಸಂಪತ್ತಿಗೆ ಸವಾಲ್’ ಮುಚ್ಚಿಟ್ಟರೆ ಮಂಜುಳಾ ಅವರ ಅಭಿನಯ, ಧುತ್ತರಗಿಯವರ ಗಂಡುಮೆಟ್ಟಿನ ನಾಡಿನ ಮಾತು ಎರಡೂ ಹೋಗುತ್ತವೆ. ಬಗ್ಗಿಸುವ ಕಥೆಯಲ್ಲೂ ಬಗ್ಗದ ಕಣ್ಣುಗಳಿಂದ ನಟಿಸಿದ ಆ ನಟಿಯನ್ನು ಇಂದಿನ ಹುಡುಗಿಯರು ನೋಡಬಾರದೇ?

ಹಳೆಯದನ್ನು ಕಾಯುವುದು, ತೆರೆಯುವುದು ಎರಡಕ್ಕೂ ಉದಾಹರಣೆ ಬೇಕಿದ್ದರೆ ಅಮೆರಿಕದವರೆಗೆ ಹೋಗಬೇಕಿಲ್ಲ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ತುಳು ಬದುಕು ವಸ್ತುಸಂಗ್ರಹಾಲಯವಿದೆ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಮಂಜೂಷಾ ಇದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಜೈನರ ಧವಲಾ ಗ್ರಂಥಗಳ ತಾಳೆಗರಿಗಳಿವೆ. ಶತಮಾನಗಳ ಕಾಲ ಅವು ದರ್ಶನಕ್ಕೆ ಮಾತ್ರ ಇದ್ದವು, ಓದಿಗೆ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಶುರುವಾಗಿ, 1939ರಿಂದ ಹೀರಾಲಾಲ ಜೈನರ ಸಂಪಾದನೆಯಲ್ಲಿ ಅಚ್ಚಾಗತೊಡಗಿತು. ಬಸದಿ ಕಾಯದಿದ್ದರೆ ಗ್ರಂಥ ಉಳಿಯುತ್ತಿರಲಿಲ್ಲ. ಪ್ರತಿ ಮಾಡಿದವರು ತೆರೆಯದಿದ್ದರೆ ಅದು ಓದಿಗೆ ಸಿಗುತ್ತಿರಲಿಲ್ಲ. ಇನ್ನೊಂದು ಸಂಗತಿ ಗಮನಿಸಿ: ಧವಲಾ ಎಂಬುದೇ ಒಂದು ಟೀಕೆ. ಅದಕ್ಕೂ ಹಳೆಯ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ವ್ಯಾಖ್ಯಾನ. ಮೂಲವನ್ನು ಮುಟ್ಟದೆ ಪಕ್ಕದಲ್ಲಿ ವಿವರಣೆ ಇಟ್ಟು ಮುಂದಿನವರಿಗೆ ದಾಟಿಸುವುದು ಈ ನಾಡಿನ ಹಳೆಯ ಪದ್ಧತಿ.

ನಮ್ಮ ಫ.ಗು. ಹಳಕಟ್ಟಿಯವರು ಮಾಡಿದ್ದೂ ಅದನ್ನೇ. ಮನೆ, ಮಠಗಳಲ್ಲಿ ಉಳಿದಿದ್ದ ವಚನಗಳ ಕಟ್ಟುಗಳನ್ನು ಹುಡುಕಿ, ಹೊಂದಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಸಿನಿಮಾ ವಚನಕ್ಕೆ ಸಮ ಎಂದು ನಾನು ಹೇಳುತ್ತಿಲ್ಲ. ಆದರೆ ಕಳೆದುಹೋದದ್ದನ್ನು ಒಳ್ಳೆಯದೆಂದೂ ಹೇಳಲಾಗದು, ಕೆಟ್ಟದ್ದೆಂದೂ ಹೇಳಲಾಗದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರದು. ಅದರ ಒಂದು ಪ್ರತಿಯೂ ನಮಗೆ ಉಳಿದಿಲ್ಲ. ಅಂದಿನವರು ಹೆಣ್ಣನ್ನು ಪರದೆಯ ಮೇಲೆ ಹೇಗೆ ಕಂಡರು ಎಂದು ಮಗಳು ಕೇಳಿದರೆ ತೋರಿಸಲು ನಮ್ಮಲ್ಲಿ ಏನೂ ಇಲ್ಲ. ಅಜ್ಜಿಯ ಕಾಲದಲ್ಲಿ ಇಂಥದ್ದೆಲ್ಲ ಇರಲೇ ಇಲ್ಲ ಎಂದು ನಾಳೆ ಯಾರಾದರೂ ವಾದಿಸಿದರೆ ಅದನ್ನು ಅಲ್ಲಗಳೆಯುವ ಸಾಕ್ಷಿ ಈ ಹಳೆಯ ಚಿತ್ರಗಳೇ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಮುನ್ನುಡಿಯನ್ನು ಯಾರು ಕೇಳುತ್ತಾರೆ? ಐದು ನಿಮಿಷದ ತಿಳಿವಳಿಕೆಯ ಮಾತು ಎರಡೂವರೆ ಗಂಟೆಯ ಹಾಡು, ಹೊಡೆದಾಟ, ನಗುವಿನ ಮುಂದೆ ನಿಲ್ಲುತ್ತದೆಯೇ? ಚಿಕ್ಕ ಮಕ್ಕಳ ಮಟ್ಟಿಗೆ ನಿಲ್ಲುವುದಿಲ್ಲ, ಒಪ್ಪುತ್ತೇನೆ. ಅದಕ್ಕೇ ವಯಸ್ಸಿನ ವಿಚಾರ ಬರುತ್ತದೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ 7, 13, 16 ವರ್ಷ ಎಂದು ವಯಸ್ಸಿಗೆ ತಕ್ಕ ದರ್ಜೆಗಳನ್ನು ತಂದಿದೆ. ಅದೇ ಕಾಯ್ದೆಯಿಂದ ಪ್ರಮಾಣಪತ್ರ ಶಾಶ್ವತವೂ ಆಗಿದೆ. ಹೀಗಾಗಿ ಐವತ್ತು ವರ್ಷದ ಹಿಂದೆ ಎಲ್ಲರೂ ನೋಡಬಹುದು ಎಂದು ಒತ್ತಿದ ಮುದ್ರೆಯನ್ನೇ ನಂಬಿ ಕೂರುವಂತಿಲ್ಲ. ನಮ್ಮ ಅಂಗಳದಲ್ಲಿ ಯಾರಿಗೆ ಯಾವುದು ಎಂಬುದನ್ನು ನಾವೇ ತೀರ್ಮಾನಿಸಬೇಕು.

ನನ್ನ ನಿಲುವು ಇಷ್ಟು. ಲಭ್ಯವಿರುವುದು ಬೇರೆ, ಸನ್ಮಾನ ಮಾಡುವುದು ಬೇರೆ. ಹಳೆಯ ಚಿತ್ರಗಳು ಪೂರ್ತಿಯಾಗಿ, ಒಂದು ಮಾತೂ ಕಡಿಯದೆ, ಕೇಳಿದವರಿಗೆ ಸಿಗುವಂತಿರಬೇಕು. ಆದರೆ ಮಠದ ಸಭಾಂಗಣದಲ್ಲಿ, ಮಕ್ಕಳ ಶಿಬಿರದಲ್ಲಿ, “ಇದು ಒಳ್ಳೆಯ ಸಂಸ್ಕಾರದ ಚಿತ್ರ” ಎಂದು ಹೇಳಿ ಬಡಿಸಬಾರದು. ಗ್ರಂಥಾಲಯದಲ್ಲಿ ಇಡುವುದಕ್ಕೂ ಗದ್ದುಗೆಯ ಮೇಲೆ ಇಡುವುದಕ್ಕೂ ವ್ಯತ್ಯಾಸ ಇದೆಯಲ್ಲ! ಹೆಣ್ಣು ಗಂಡು ಎಂಬ ಮೇಲುಕೀಳನ್ನು ಹನ್ನೆರಡನೇ ಶತಮಾನದಲ್ಲೇ ಅಲ್ಲಗಳೆದ ಶರಣರ ಹೆಸರು ಹೇಳುವ ನಾವು ಈ ವ್ಯತ್ಯಾಸ ಮರೆಯುವಂತಿಲ್ಲ.

ಆದ್ದರಿಂದ ಮೂರು ಸೂಚನೆಗಳನ್ನು ಸಭೆಯ ಮುಂದೆ ಇಡುತ್ತೇನೆ. ಒಂದು, ಮಕ್ಕಳ ಶಿಬಿರದಲ್ಲಿ ‘ಸಂಪತ್ತಿಗೆ ಸವಾಲ್’ ಬೇಡ; ಮಕ್ಕಳಿಗೆ ತಕ್ಕದ್ದನ್ನು ತಾಯಂದಿರೇ ಆರಿಸಲಿ. ಎರಡು, ಒಂದು ಭಾನುವಾರ ಹದಿನಾರು ದಾಟಿದವರಿಗೆ ಅದೇ ಚಿತ್ರವನ್ನು ಪೂರ್ತಿ ತೋರಿಸೋಣ. ನೋಡುವ ಮೊದಲು ಅದು ಯಾವ ವರ್ಷದ್ದು, ಯಾವ ನಾಟಕದ್ದು, ಎಲ್ಲಿ ಹಣಕ್ಕೆ ಸವಾಲು, ಎಲ್ಲಿ ಹೆಣ್ಣಿಗೆ ಸವಾಲು ಎಂದು ಒಬ್ಬ ಅಕ್ಕ ಹೇಳಲಿ. ಮುಗಿದ ಮೇಲೆ ಮಾತುಕತೆ ಇರಲಿ. ಅದರಲ್ಲಿ ಹೆಣ್ಣುಮಕ್ಕಳು ಮೊದಲು ಮಾತಾಡಲಿ, ಗಂಡಸರು ಕೇಳಲಿ. ನೋಡಲು ಮನಸ್ಸಿಲ್ಲದವರನ್ನು, ನಡುವೆ ಎದ್ದು ಹೋದವರನ್ನು ಯಾರೂ ಆಡಿಕೊಳ್ಳಬಾರದು. ಮೂರು, ಅದರ ಪಕ್ಕದಲ್ಲೇ ಆ ಕಾಲದ ಇನ್ನೊಂದು ಮುಖವೂ ಕಾಣಲಿ. ತ್ರಿವೇಣಿಯವರ ಕಾದಂಬರಿಯಿಂದ ಬಂದ ‘ಶರಪಂಜರ’, ಎಂ.ಕೆ. ಇಂದಿರಾ ಅವರ ಕಾದಂಬರಿಗಳಿಂದ ಬಂದ ‘ಗೆಜ್ಜೆಪೂಜೆ’, ‘ಫಣಿಯಮ್ಮ’ ನೋಡೋಣ. ಅವೂ ಹಳೆಯ ಚಿತ್ರಗಳೇ. ಹಳೆಯ ಕಾಲವೇ ಹಾಗಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ ಎಂಬ ಸಮಜಾಯಿಷಿ ಅವನ್ನು ನೋಡಿದ ಮೇಲೆ ನಿಲ್ಲುವುದಿಲ್ಲ. ತಿಳಿದವರು ಆಗಲೂ ಇದ್ದರು, ಹೇಳುತ್ತಲೂ ಇದ್ದರು.

ನಮ್ಮ ಹಿರಿಯರು ನಕ್ಕ ಕಡೆ ನಮ್ಮ ಮಕ್ಕಳು ನಗದೆ ಸುಮ್ಮನಾದರೆ ಅದು ಹಿರಿಯರಿಗೆ ಮಾಡಿದ ಅವಮಾನವಲ್ಲ. ಒಂದು ತಲೆಮಾರು ಮುಂದೆ ಬಂದಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಗುರುತು ಬೇಕಿಲ್ಲ. ಆ ಗುರುತು ಕಾಣಬೇಕಾದರೆ ಚಿತ್ರ ಕಣ್ಣೆದುರು ಇರಬೇಕು.