ವ್ಯಾಪಾರ ನಿಮ್ಮದಾದರೆ ನಂಬರೂ ನಿಮ್ಮದೇ ಆಗಿರಲಿ!
(ಯುವ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಓದಿ ಪ್ರೆಸ್ ಸೇರಿದವನು. ಕರಪತ್ರ, ಬಿಲ್ ಪುಸ್ತಕ ಅಚ್ಚು ಹಾಕುವುದು ನನ್ನ ಕಸುಬು. ಆ ಕಸುಬಿನಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಮೊನ್ನೆ ನಮ್ಮ ಹುಡುಗನೊಬ್ಬ ಬಂದ. ಎಸ್.ಪಿ. ರಸ್ತೆಯಿಂದ ಚಾರ್ಜರ್, ಕೇಬಲ್ ಸಗಟಾಗಿ ತಂದು ಆನ್‌ಲೈನ್‌ನಲ್ಲಿ ಮಾರುವ ಆಸೆ ಅವನಿಗೆ. ಅಂಗಡಿಯವರು ಜಿಎಸ್‌ಟಿ ನಂಬರ್ ಕೇಳಿದ್ದಾರೆ. ಇವನ ಬಳಿ ಇಲ್ಲ. ಗೆಳೆಯನ ಅಣ್ಣನ ನಂಬರನ್ನು ಚೀಟಿಯಲ್ಲಿ ಬರೆದು ತಂದು, "ಅಣ್ಣಾ, ಇದನ್ನೇ ಹಾಕಿ ಎರಡು ಬಿಲ್ ಪುಸ್ತಕ ಮಾಡಿಕೊಡಿ" ಎಂದ. ಆಗುವುದಿಲ್ಲ ಎಂದೆ. ಮುನಿಸಿಕೊಂಡು ಹೋದ.

ಯಾಕೆ ಆಗುವುದಿಲ್ಲ? ಬೇರೆಯವರ ನಂಬರಿನಲ್ಲಿ ಬಿಲ್ ಹರಿದರೆ 10,000 ರೂಪಾಯಿ ಇಲ್ಲವೇ ತಪ್ಪಿಸಿದ ತೆರಿಗೆ, ಯಾವುದು ಹೆಚ್ಚೋ ಅಷ್ಟು ದಂಡ. ನೋಂದಣಿ ಇಲ್ಲದವನು ಗಿರಾಕಿಯಿಂದ ಜಿಎಸ್‌ಟಿ ಎಂದು ಒಂದು ರೂಪಾಯಿ ವಸೂಲು ಮಾಡುವಂತೆಯೂ ಇಲ್ಲ. ವ್ಯಾಪಾರ ಶುರುವಾಗುವ ಮೊದಲೇ ಹುಡುಗ ಕಳ್ಳನ ಸಾಲಿನಲ್ಲಿ ನಿಲ್ಲಬೇಕೆ?

ಮಿತ್ರರೇ, ಕಾಗದಕ್ಕೆ ಹೆದರಬೇಡಿ. ಯಾರು ಯಾವ ಕಾಗದ ಕೇಳುತ್ತಾರೆ, ಯಾಕೆ ಕೇಳುತ್ತಾರೆ ಎಂದು ತಿಳಿಯಿರಿ.

ಮೊದಲು ಕೊಳ್ಳುವ ಮಾತು. ನೋಂದಣಿ ಇಲ್ಲದವನಿಗೆ ಸಗಟು ಮಾರಬಾರದೆಂದು ಜಿಎಸ್‌ಟಿ ಕಾಯ್ದೆ ಹೇಳುವುದಿಲ್ಲ. ಪೇಟೆಯವರು ನಂಬರ್ ಕೇಳುವುದು ಬಿಲ್ಲಿನಲ್ಲಿ ನಮೂದಿಸಲು. ನಂಬರ್ ಇಲ್ಲದಿದ್ದರೆ ನಷ್ಟ ನಿಮಗೇ. ಲೆಕ್ಕ ನೋಡಿ: 10,000 ರೂಪಾಯಿಯ ಸರಕಿಗೆ ಶೇಕಡ 18 ತೆರಿಗೆ ಎಂದರೆ 1,800. ನಂಬರ್ ಇಲ್ಲದವನಿಗೆ ಅದು ಖರ್ಚು. ನಂಬರ್ ಇದ್ದವನು ಅದೇ ಸರಕನ್ನು 13,000ಕ್ಕೆ ಮಾರಿ 2,340 ತೆರಿಗೆ ವಸೂಲು ಮಾಡಿದರೆ, ಮೊದಲು ಕೊಟ್ಟ 1,800 ಕಳೆದು 540 ಮಾತ್ರ ಕಟ್ಟುತ್ತಾನೆ.

ವಿದೇಶಿ ಬಂಡವಾಳದ ಸಗಟು ಮಳಿಗೆಗಳ ಮಾತು ಬೇರೆ. ಅವರು ವ್ಯಾಪಾರ, ಉದ್ಯಮ, ಸಂಸ್ಥೆಗಳಿಗಷ್ಟೇ ಮಾರಬೇಕೆಂದು ಕೇಂದ್ರದ ನಿಯಮವಿದೆ. ಅಲ್ಲಿ ಜಿಎಸ್‌ಟಿ ನೋಂದಣಿಯೋ, ಅಂಗಡಿ ಕಾಯ್ದೆಯ ನೋಂದಣಿಯೋ, ಟ್ರೇಡ್ ಲೈಸೆನ್ಸೋ ಒಂದನ್ನು ತೋರಿಸಲೇಬೇಕು.

ಇನ್ನು ಮಾರುವ ಮಾತು. ಕರ್ನಾಟಕದೊಳಗೇ ನೀವೇ ನೇರವಾಗಿ ಸರಕು ಮಾರಿದರೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ತನಕ ನೋಂದಣಿ ಕಡ್ಡಾಯವಲ್ಲ. ದೊಡ್ಡ ಆನ್‌ಲೈನ್ ಕಂಪನಿಗಳ ಮೂಲಕ ಮಾರುವವರಿಗೆ ಮೊದಲು ಈ ವಿನಾಯಿತಿ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ಅವರಿಗೂ ಸಿಕ್ಕಿದೆ. ಆದರೆ ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಕೊಟ್ಟು ದಾಖಲಾತಿ ಸಂಖ್ಯೆ ಪಡೆಯಬೇಕು, ಒಂದೇ ರಾಜ್ಯದೊಳಗೆ ಮಾರಬೇಕು. ಅತ್ತಿಬೆಲೆ ದಾಟಿ ಹೊಸೂರಿಗೆ ಒಂದು ಚಾರ್ಜರ್ ಮಾರಿದರೂ ಅದು ಅಂತರರಾಜ್ಯ ವ್ಯಾಪಾರ! ಆಗ 40 ಲಕ್ಷದ ಮಾತಿಲ್ಲ, ನೋಂದಣಿ ಬೇಕೇ ಬೇಕು.

ನೋಂದಣಿಗೆ ಸರ್ಕಾರಕ್ಕೆ ಕಟ್ಟುವ ಶುಲ್ಕ ಎಷ್ಟು? ಒಂದು ಪೈಸೆಯೂ ಇಲ್ಲ! ಪ್ಯಾನ್, ಆಧಾರ್, ಫೋಟೋ, ವ್ಯಾಪಾರದ ಜಾಗದ ದಾಖಲೆ ಇದ್ದರೆ ಅರ್ಜಿ ಹಾಕಬಹುದು. ಮನೆ ಅಪ್ಪನ ಹೆಸರಿನಲ್ಲಿದ್ದರೆ ಕರೆಂಟ್ ಬಿಲ್ಲಿನ ಜೊತೆ ಅಪ್ಪನ ಒಪ್ಪಿಗೆ ಪತ್ರ ಇಡಿ. ಬರುವ ನಂಬರಿನಲ್ಲಿ 15 ಅಕ್ಷರ, ಅಂಕಿ. ಮೊದಲ ಎರಡು 29 ಎಂದಿದ್ದರೆ ಅದು ನಮ್ಮ ಕರ್ನಾಟಕ. ಆಮೇಲಿನ ಹತ್ತು ನಿಮ್ಮದೇ ಪ್ಯಾನ್. ಹಾಗಿರುವಾಗ ಇನ್ನೊಬ್ಬರ ನಂಬರ್ ನಿಮ್ಮದಾಗುವುದು ಹೇಗೆ?

ಒಂದು ಎಚ್ಚರಿಕೆ. ನಂಬರ್ ಪಡೆದ ಮೇಲೆ ವ್ಯಾಪಾರ ಸೊನ್ನೆಯಾದರೂ ರಿಟರ್ನ್ ಸಲ್ಲಿಸಬೇಕು. ಮರೆತರೆ ದಿನಕ್ಕಿಷ್ಟು ಎಂದು ದಂಡ ಬೆಳೆಯುತ್ತದೆ. ವ್ಯಾಪಾರ ಬಿಟ್ಟರೆ ನಂಬರನ್ನೂ ರದ್ದು ಮಾಡಿಸಿ.

ಇದಕ್ಕೂ ಕನ್ನಡಕ್ಕೂ ಏನು ಸಂಬಂಧ ಎನ್ನುತ್ತೀರಾ? ಇದೆ! ಪೊಟ್ಟಣದ ಮೇಲಿನ ಕಡ್ಡಾಯ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು ಎನ್ನುತ್ತದೆ ಕೇಂದ್ರದ 2011ರ ನಿಯಮ. ಜೊತೆಗೆ ಕನ್ನಡ ಹಾಕಬೇಡಿ ಎಂದು ಹೇಳುವುದಿಲ್ಲ. ಕೇಂದ್ರದ ಆ ನಿಯಮದ ಮಟ್ಟಿಗೆ ಹಾಕುವುದು, ಬಿಡುವುದು ಮಾಲೀಕನ ಮನಸ್ಸು. ಆ ಮಾಲೀಕ ಯಾರು? ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕೆಂದು 2024ರಲ್ಲಿ ನಮ್ಮ ರಾಜ್ಯ ಕಾಯ್ದೆ ತಿದ್ದಿತು. ಬೋರ್ಡಿನಲ್ಲಿ ಜಿಎಸ್‌ಟಿ ನಂಬರ್ ಬರೆಸಬೇಕೆಂಬ ನಿಯಮವೂ ಇದೆ. ಬೋರ್ಡಿಗೆ ಕನ್ನಡ ಬರೆಸಿ ಎಂದು ಎಷ್ಟು ದಿನ ಬೇರೆಯವರ ಅಂಗಡಿ ಮುಂದೆಯೇ ನಿಲ್ಲುತ್ತೀರಿ? ಹೋರಾಟ ಬೇಡವೆನ್ನುತ್ತಿಲ್ಲ, ಆ ಕರಪತ್ರ ಅಚ್ಚು ಹಾಕಿದವನೇ ನಾನು. ಆದರೆ ನಮ್ಮದೇ ಬೋರ್ಡು ಎದ್ದರೆ ಯಾರನ್ನೂ ಕೇಳಬೇಕಾಗಿಲ್ಲ. ಪೇಟೆಯೆಲ್ಲ ಪರರ ಪಾಲಾಯಿತು ಎಂದು ಬೈಯುವುದು ಸುಲಭ. ಅವರು ಕಲಿತ ಲೆಕ್ಕ, ಕಾಗದವನ್ನು ನಾವೂ ಕಲಿಯೋಣ.

ಮುನಿಸಿಕೊಂಡು ಹೋದ ಆ ಹುಡುಗ ಇಲ್ಲೇ ಎಲ್ಲೋ ಕುಳಿತಿರಬಹುದು. ತಮ್ಮಾ, ನಿನ್ನದೇ ನಂಬರ್ ತೆಗೆದುಕೊಂಡು ಬಾ. ನಿನ್ನ ಅಂಗಡಿಯ ಹೆಸರನ್ನು ದಪ್ಪ ಕನ್ನಡ ಅಕ್ಷರದಲ್ಲಿ ಹಾಕಿ, ಮೊದಲ ಬಿಲ್ ಪುಸ್ತಕವನ್ನು ನಾನೇ ಅಚ್ಚು ಮಾಡಿಕೊಡುತ್ತೇನೆ.

ಜೈ ಕರ್ನಾಟಕ!