ತಲೆಗೆ ಪೆಟ್ಟು: ರಕ್ತ ಕಾಣದಿದ್ದರೂ ಎಚ್ಚರ



ನಾನು ಬೇಸಾಯದ ಮೇಷ್ಟ್ರು, ವೈದ್ಯನಲ್ಲ. ಆದರೆ ರೋಣ, ನರಗುಂದ, ಗಜೇಂದ್ರಗಡದ ಎರೆಹೊಲಗಳಲ್ಲಿ ಹೊಟ್ಟಿನ ಹೇರಿನಿಂದ ಬಿದ್ದವನನ್ನು ಮೊದಲು ಕಾಣುವವರು ಹೊಲದಲ್ಲಿರುವ ನಾವೇ. ಎದ್ದು ಮೈ ಕೊಡವಿಕೊಂಡರೆ 'ಏನೂ ಆಗಿಲ್ಲ' ಎಂದುಬಿಡುತ್ತೇವೆ. ರಕ್ತ ಬಾರದೆ, ಎಚ್ಚರ ತಪ್ಪದೆಯೂ ಮಿದುಳಿಗೆ ಆಘಾತವಾಗಿರಬಹುದು.

ಅವನನ್ನು ಆ ದಿನ ಮತ್ತೆ ಟ್ರ್ಯಾಕ್ಟರ್ ಹತ್ತಿಸಬಾರದು. ವೈದ್ಯರಿಗೆ ತೋರಿಸಿ, ಎರಡು ದಿನ ಒಬ್ಬನನ್ನೇ ಬಿಡದೆ ನೋಡಿಕೊಳ್ಳಿರಿ. ಮೇಲಿಂದ ಮೇಲೆ ವಾಂತಿ, ಏರುತ್ತಿರುವ ತಲೆನೋವು, ತೊದಲು ಮಾತು, ಸೆಳವು, ಕೈಕಾಲಿನ ಬಲಹೀನತೆ, ಎಬ್ಬಿಸಿದರೂ ಏಳದ ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿರಿ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವ ಹಿರಿಯರು ಬಿದ್ದರೆ ಲಕ್ಷಣಗಳಿಗೆ ಕಾಯಲೇಬಾರದು. ಮದ್ಯ ಕೂಡದು, ವೈದ್ಯರು ಹೇಳದೆ ಆಸ್ಪಿರಿನ್ ಸಹ ಕೂಡದು.

ಮುಖ್ಯ ಮಾತು ನಂತರದ ವಾರಗಳದು. ಸಿ.ಟಿ. ಸ್ಕ್ಯಾನ್ ಸರಿಯಿದ್ದರೂ ತಲೆಸುತ್ತು, ಮರೆವು, ಸಿಡುಕು, ನಿದ್ದೆಗೇಡು ಉಳಿಯಬಹುದು. ಮನೆಯವರು ಇದನ್ನು ಮೈಗಳ್ಳತನವೆಂದು ಬಯ್ಯುತ್ತಾರೆ. ಹುಡುಗ ನಾಚಿ ಹೊಲಕ್ಕಿಳಿಯುತ್ತಾನೆ. ಗುಣವಾಗುವ ಮುನ್ನ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಹೆಚ್ಚು. ಒಂದೆರಡು ದಿನ ವಿಶ್ರಾಂತಿ, ಬಳಿಕ ನಡೆದಾಟ, ಆಮೇಲೆ ಹಗುರ ಕೆಲಸ. ಲಕ್ಷಣ ಹೆಚ್ಚಿದರೆ ಒಂದು ಹೆಜ್ಜೆ ಹಿಂದಕ್ಕೆ. ತಲೆಸುತ್ತು ಪೂರ್ತಿ ನಿಂತು ವೈದ್ಯರು ಒಪ್ಪುವವರೆಗೆ ಟ್ರ್ಯಾಕ್ಟರ್, ರಾಶಿ ಯಂತ್ರ, ಬಣವೆ ಮೂರೂ ಬೇಡ. ಹೆಚ್ಚಿನವರು ತಿಂಗಳೊಳಗೆ ಸರಿಹೋಗುತ್ತಾರೆ. ಹಾಗಾಗದಿದ್ದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಮತ್ತೆ ಕಂಡು, ಅವರ ಚೀಟಿಯೊಡನೆ ಗದಗದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿರಿ.